ಎರಡು ಕೋಳಿಯ ಜಾಕೆಟ್ಟು

ಗುನ್‌ಸಿಕ್ ಎಂಬ ಗೃಹಸ್ಥ ತನ್ನ ಹೆಂಡತಿಗೆ ಹೇಳಿದ ಸುಳ್ಳುಗಳಲ್ಲಿ ಅತಿ ದೊಡ್ಡದು ಯಾವುದು ಎಂದು ಕೇಳಿದರೆ ಅವನೇ ಸ್ವಲ್ಪ ಹೊತ್ತು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಆದರೆ ಅತಿ ಕೆಂಪಗಿದ್ದದ್ದು ಯಾವುದು ಎಂದರೆ ಅನುಮಾನವೇ ಇಲ್ಲ, ಅವನ ಬೆಟ್ಟ ಹತ್ತುವ ಜಾಕೆಟ್ಟು. ಗಾಳಿ, ಮಳೆ, ಹಿಮ ಯಾವುದಕ್ಕೂ ಜಗ್ಗದ, ಕಂಕುಳ ಬೆವರಿಗೆ ಪ್ರತ್ಯೇಕ ಕಿಟಕಿಯಿದ್ದ ಆ ಮಹಾವಸ್ತ್ರವನ್ನು ತೊಟ್ಟು ಅವನು ಮನೆಗೆ ಬಂದ ದಿನ ಹೆಂಡತಿ ಮಿಹ್ವಾ ಅಡುಗೆಮನೆಯಿಂದಲೇ ಕೇಳಿದ್ದಳು.

"ಎಷ್ಟಾಯ್ತು?"

"ಎರಡು ಕೋಳಿ."

ಅವರ ಮನೆಯಲ್ಲಿ ಸಣ್ಣಪುಟ್ಟ ಖರ್ಚಿಗೆಲ್ಲ ಮೂಲೆ ಅಂಗಡಿಯ ಕರಿದ ಕೋಳಿಯೇ ಅಳತೆ. ನಿಜ ಹೇಳಬೇಕೆಂದರೆ ಆ ಜಾಕೆಟ್ಟಿನ ಬೆಲೆಗೆ ಗುನ್‌ಸಿಕ್‌ನ ಇಡೀ ಆಫೀಸಿಗೆ ಕೋಳಿ ತಿನ್ನಿಸಿ, ಮಿಕ್ಕಿದ್ದನ್ನು ಪೊಟ್ಟಣ ಕಟ್ಟಿ ಮನೆಗೂ ಕಳಿಸಬಹುದಿತ್ತು. "ಅಂಗಡಿ ಮುಚ್ತಾ ಇದಾನೆ ಪಾಪ," ಎಂದು ಗುನ್‌ಸಿಕ್ ಮುಖ ಸಪ್ಪಗೆ ಮಾಡಿಕೊಂಡು ವಿವರಿಸಿದ್ದ. "ಬಾಗಿಲ ಮೇಲೇ ಬ್ಯಾನರ್ ಕಟ್ಟಿದಾನೆ, 'ಯಜಮಾನನಿಗೆ ತಲೆ ಕೆಟ್ಟಿದೆ' ಅಂತ."

ಉಯ್‌ಜೊಂಗ್‌ಬು ಊರಿನಲ್ಲಿ ಹಾಗೆ ತಲೆ ಕೆಟ್ಟ ಯಜಮಾನರು ಬೀದಿಗೆ ನಾಲ್ವರಿದ್ದಾರೆ. 'ಕಣ್ಣೀರಿನ ವಿದಾಯ ಮಾರಾಟ' ಎಂದು ಬರೆದುಕೊಂಡ ಅಂಗಡಿ ಹತ್ತು ವರ್ಷ ಅಳುತ್ತಲೇ ನಡೆಯುತ್ತದೆ. ಹಾಗಾಗಿ ಮಿಹ್ವಾ ನಂಬಿದಳು. ಆಮೇಲೆ ಪ್ಯಾಂಟು ಬಂತು, ಒಂದು ಕೋಳಿ. ಬೂಟು ಬಂತು, ಮೂರು ಕೋಳಿ. ಒಂದು ಜೋಡಿ ಊರುಗೋಲು ಬಂತು, ಅರ್ಧ ಕೋಳಿ (ಅದೂ ಕಾಲಿನ ಕಡೆಯ ಅರ್ಧವಂತೆ). ಆರು ವರ್ಷ ಆ ಅಂಗಡಿ ಮುಚ್ಚುತ್ತಲೇ ಇತ್ತು.

ಭಾನುವಾರ ಬೆಳಿಗ್ಗೆ ಇಷ್ಟನ್ನೂ ಏರಿಸಿಕೊಂಡು, ಬೆನ್ನಿಗೆ ಉಬ್ಬಿದ ಚೀಲ ಹಾಕಿ, ಗುನ್‌ಸಿಕ್ ರೈಲು ಹತ್ತಿ ದೋಬೊಂಗ್ ಬೆಟ್ಟಕ್ಕೆ ಹೊರಡುತ್ತಿದ್ದ. ಸಂಜೆ ಮುಖ ಕೆಂಪಗೆ ಮಾಡಿಕೊಂಡು, ಸುಸ್ತಾಗಿ ಮರಳುತ್ತಿದ್ದ. ನಡುವೆ ಎಲ್ಲಿರುತ್ತಿದ್ದ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಡುವುದಕ್ಕೆ ನಾನೇನು ಗುನ್‌ಸಿಕ್ ಅಲ್ಲ. ಬೆಟ್ಟದ ಬುಡದ ಓಣಿಯಲ್ಲಿ ಒಬ್ಬ ಅಜ್ಜಿಯ ಹೋಟೆಲಿದೆ. ಈರುಳ್ಳಿ ಸೊಪ್ಪನ್ನು ಹಿಟ್ಟಿನಲ್ಲಿ ಅದ್ದಿ, ಕಾವಲಿ ತುಂಬ ಎಣ್ಣೆ ಹಾಕಿ ಹುಯ್ದ ಪಾಜೊನ್, ಜೊತೆಗೆ ಹಿತ್ತಾಳೆ ಬಟ್ಟಲಲ್ಲಿ ತಣ್ಣನೆಯ ಮಕ್ಕೊಲ್ಲಿ. ಅಕ್ಕಿಯಿಂದ ಮಾಡಿದ ಮದ್ಯವೆಂದು ಅದನ್ನು ಊಟದ ಲೆಕ್ಕಕ್ಕೇ ಸೇರಿಸುವವರಿದ್ದಾರೆ, ಗುನ್‌ಸಿಕ್ ಅವರಲ್ಲೊಬ್ಬ. ಅಲ್ಲಿಂದ ಬೆಟ್ಟ ಬಹಳ ಚೆನ್ನಾಗಿ ಕಾಣುತ್ತದೆ. ಕಂಡದ್ದನ್ನೆಲ್ಲ ಹತ್ತಲೇಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ಮೊದಲ ಭಾನುವಾರ ಅವನು ಪ್ರಾಮಾಣಿಕವಾಗಿ ಹತ್ತಲು ಹೋಗಿದ್ದ, ಮೊದಲನೆಯ ಬೆಂಚಿನವರೆಗೆ. ಅಲ್ಲಿ ಮಂಡಿ ಎರಡೂ ಒಟ್ಟಿಗೆ ಮುಷ್ಕರ ಹೂಡಿದ್ದವು. ಮೇಲೆ ಏನಿದೆ ಎಂಬ ಕುತೂಹಲ ಮಾತ್ರ ಅವನಿಗೆ ಇದ್ದೇ ಇತ್ತು.

ಹೀಗೆ ಸುಖವಾಗಿ ನಡೆಯುತ್ತಿದ್ದ ಸಂಸಾರದಲ್ಲಿ ಒಂದು ಸಂಜೆ ಮಗಳು ಸೋದಮ್ ಪೂರ್ತಿ ಒಂದು ವಾಕ್ಯ ಮಾತಾಡಿದಳು. ಹದಿನೈದು ತುಂಬಿದ ಮೇಲೆ ಆ ಹುಡುಗಿ ಅಪ್ಪ ಅಮ್ಮನ ಜೊತೆ 'ಹ್ಞೂಂ', 'ಬೇಡ', 'ಆಮೇಲೆ' ಎಂಬ ಮೂರು ಪದಗಳಲ್ಲೇ ಬಾಳ್ವೆ ನಡೆಸುತ್ತಿದ್ದಳು.

"ಸ್ಕೂಲಿಂದ ಜಿರಿ ಬೆಟ್ಟಕ್ಕೆ ಕರ್ಕೊಂಡು ಹೋಗ್ತಾರೆ, ನಾನು ಹೆಸರು ಕೊಟ್ಟಿದೀನಿ."

ಮೂರು ದಿನದ ನಡಿಗೆ, ಎರಡು ರಾತ್ರಿ ಬೆಟ್ಟದ ತಂಗುಮನೆಯಲ್ಲಿ, ಕೊನೆಯ ಬೆಳಿಗ್ಗೆ ತುದಿಯಲ್ಲಿ ನಿಂತು ಸೂರ್ಯೋದಯ. ಆದರೆ ಹೊರಡುವ ಮೊದಲು ಮೇಷ್ಟ್ರು ಪ್ರತಿಯೊಬ್ಬರ ಬಟ್ಟೆ, ಬೂಟು, ಚೀಲ ಎಲ್ಲ ತಪಾಸಣೆ ಮಾಡುತ್ತಾರೆ. ಸರಿಯಿಲ್ಲದವರನ್ನು ಮಡಕೆ ವಸ್ತುಸಂಗ್ರಹಾಲಯ ನೋಡಲು ಹೋಗುವ ಗುಂಪಿಗೆ ಸೇರಿಸಿಬಿಡುತ್ತಾರೆ.

"ನಾನು ಮಡಕೆ ನೋಡಕ್ಕೆ ಹೋಗಲ್ಲ," ಎಂದಳು ಸೋದಮ್.

ಗುನ್‌ಸಿಕ್ ಉಬ್ಬಿಹೋದ. ಸೋಫಾದ ಮೇಲೆ ನೆಟ್ಟಗೆ ಕೂತು ಉಪನ್ಯಾಸ ಶುರುಮಾಡಿದ. "ಬೆಟ್ಟ ಅಂದ್ರೆ ಹುಡುಗಾಟ ಅಲ್ಲ ಕಣಮ್ಮ. ಮೊದಲ್ನೇದು, ಹತ್ತಿ ಬಟ್ಟೆ ಮುಟ್ಟಬೇಡ. ಬೆವರು ಕುಡ್ಕೊಂಡು ಮೈ ಮೇಲೇ ತಣ್ಣಗಾಗತ್ತೆ. ಎರಡ್ನೇದು, ಬೂಟು ಅರ್ಧ ಸೈಜು ದೊಡ್ಡದಿರ್ಬೇಕು, ಇಳೀವಾಗ ಹೆಬ್ಬೆರಳು ಹೊಡ್ಕೊಳ್ಳತ್ತೆ." (ಇದೆಲ್ಲ ಅಪ್ಪಟ ನಿಜ. ಪಾಜೊನ್ ಹೋಟೆಲಿಗೆ ಇಳಿದು ಬರುವವರ ಬಾಯಿಂದ ಆರು ವರ್ಷ ಕೇಳಿ ಕಲಿತದ್ದು.)

"ನಿಮ್ಮ ಹಳೇದೇ ಒಂದು ಜಾಕೆಟ್ ಕೊಟ್ರೆ ಆಗಲ್ವಾ?" ಎಂದಳು ಮೂಲಂಗಿ ಹೆಚ್ಚುತ್ತಿದ್ದ ಮಿಹ್ವಾ.

"ಅಪ್ಪಂದು ಬೇಡ. ಎಣ್ಣೆ ವಾಸನೆ," ಎಂದಳು ಸೋದಮ್.

"ಹೌದಲ್ಲ. ಬೆಟ್ಟದ ಮೇಲೆ ಯಾರ್ರೀ ಬಾಣಲೆ ಇಟ್ಟಿರೋದು?"

"ಅದು ಪೈನ್ ಮರದ ವಾಸನೆ."

"ಇರ್ಲಿ ಬಿಡಿ. ಶನಿವಾರ ಆ ತಲೆ ಕೆಟ್ಟವನ ಅಂಗಡಿಗೇ ಹೋಗೋಣ. ಇವಳಿಗೆ ಅಡಿಯಿಂದ ಮುಡಿವರೆಗೆ ಎಂಟು ಕೋಳೀಲಿ ಮುಗಿಯತ್ತೆ, ಅಲ್ವಾ?"

ಗುನ್‌ಸಿಕ್‌ಗೆ ಕುಡಿಯುತ್ತಿದ್ದ ಬಾರ್ಲಿ ನೀರು ನೆತ್ತಿಗೇರಿತು. "ಅವನು ಮುಚ್ಚಿಬಿಟ್ಟ."

"ಹೋದ ತಿಂಗಳು ಕೈಗವಸು ತಂದ್ರಿ."

"ಅದೇ ಕೊನೇದು. ನಾನೇ ಷಟರ್ ಎಳೆಯಕ್ಕೆ ಕೈ ಹಾಕ್ದೆ."

"ಆರು ವರ್ಷದಿಂದ ಮುಚ್ತಿರೋನು ಇನ್ನೊಂದು ವಾರ ಮುಚ್ತಿರ್ತಾನೆ ಬಿಡಿ. ಅದಿರ್ಲಿ, ಸೋಫಾದ ಹಸಿರು ದಿಂಬು ಎಲ್ಲಿ ಹೋಯ್ತು ಅಂತ ಯಾರಿಗಾದ್ರೂ ಗೊತ್ತಾ? ಚುಸೊಕ್ ಹಬ್ಬದಿಂದ ಹುಡುಕ್ತಾ ಇದೀನಿ."

ಯಾರಿಗೂ ಗೊತ್ತಿರಲಿಲ್ಲ.

ಗುರುವಾರ ಆಫೀಸು ಮುಗಿದದ್ದೇ ಗುನ್‌ಸಿಕ್ ಅಂಗಡಿಗೆ ಓಡಿದ. ಅಂಗಡಿಯ ಯಜಮಾನ ಬೋಂಗ್‌ನ ತಲೆ ಕಲ್ಲಿನಂತೆ ಗಟ್ಟಿಯಾಗಿತ್ತು. ಅವನ ಬ್ಯಾನರ್ ಮಾತ್ರ ಬಿಸಿಲಿಗೆ ಮಾಸಿದಾಗಲೆಲ್ಲ ಹೊಸದು ಬರುತ್ತಿತ್ತು.

"ಶನಿವಾರ ಮನೆಯವಳು ಬರ್ತಾಳೆ," ಎಂದ ಗುನ್‌ಸಿಕ್.

"ಬರ್ಲಿ, ಬರ್ಲಿ," ಎಂದ ಬೋಂಗ್ ಸಲೀಸಾಗಿ. "ಮನೇಲಿ ಎಷ್ಟು ಅಂತ ಹೇಳಿದೀರ ಯಜಮಾನ್ರೇ, ಆ ಕೆಂಪು ಜಾಕೆಟ್ಟಿಗೆ?"

"ಎರಡು ಕೋಳಿ."

ಬೋಂಗ್ ಬೂಟು ಹಾಕಿ ನೋಡುವ ಮಣೆಯ ಮೇಲೆ ಕುಸಿದು ಕೂತ. ಅವನಿಗೆ ಜೋರಾಗಿ ಕೆಮ್ಮು ಬಂತು. "ಇಲ್ಲಿಗೆ ಬರೋ ಗಂಡಸರೆಲ್ಲ ಮನೇಲಿ ಅರ್ಧ ಬೆಲೆ ಹೇಳ್ತಾರೆ. ತೀರಾ ಎದೆಗಾರರು ಕಾಲು ಭಾಗ ಹೇಳ್ತಾರೆ. ನೀವು ನೇರ ಕೋಳಿಗೇ ಇಳಿದುಬಿಟ್ರಲ್ಲ."

"ಈಗ ಆಗಿದ್ದಾಯ್ತು. ನೀವು ಅವಳಿಗೆ ಕೋಳಿ ಲೆಕ್ಕದಲ್ಲೇ ಹೇಳಿ. ಮಿಕ್ಕಿದ್ದು ನಾನು ಕೊಡ್ತೀನಿ."

"ನಿಜ ಹೇಳಿಬಿಟ್ರೆ ಇದಕ್ಕಿಂತ ಅಗ್ಗ ಆಗಲ್ವಾ?"

"ಬೋಂಗ್ ಅವರೇ, ಅಂಗಡೀಲಿ ಎಷ್ಟು ಲಾಭ ಬರತ್ತೆ ಅಂತ ನಿಮ್ಮ ಮನೆಯವರಿಗೆ ಹೇಳಿದೀರಾ?"

ಬೋಂಗ್ ಬೆಲೆಯ ಚೀಟಿ ಕತ್ತರಿಸಲು ಕತ್ತರಿ ಹುಡುಕತೊಡಗಿದ.

ಮಿಕ್ಕಿದ್ದನ್ನು ಕೊಡಲು ಗುನ್‌ಸಿಕ್‌ನ ಬಳಿ ಒಂದು ಗುಪ್ತ ಖಜಾನೆಯಿತ್ತು. ಚಪ್ಪಲಿ ಬೀರುವಿನ ಮೇಲ್ಗಡೆ ಅಂಟು ಬಿಟ್ಟ ಹಳೇ ಬೂಟುಗಳ ಒಂದು ಜೊತೆ. ಎಡಗಾಲಿನದರಲ್ಲಿ ಹಕ್ಕಿಪುಕ್ಕದ ಮಲಗುಚೀಲ ಕೊಳ್ಳಲು ಕೂಡಿಟ್ಟ ಹಣ. ಬಲಗಾಲಿನದರಲ್ಲಿ ಇನ್ನೊಂದು ಗಂಟು, ಎಂದಾದರೂ ನೇಪಾಳಕ್ಕೆ ಹೋಗಿ ಹಿಮಾಲಯವನ್ನು ಕೆಳಗಿನಿಂದ ನೋಡಬೇಕೆಂಬ ಆಸೆಯದು. ಎಡಗಾಲಿನದಕ್ಕೆ ಹಾಕಿದ ಕೈಯನ್ನು ಅವನು ಒಮ್ಮೆ ಹಿಂದಕ್ಕೆ ತೆಗೆದ. ಆದರೂ ಮಗಳು ಮಡಕೆ ನೋಡುವ ಗುಂಪಿನಲ್ಲಿ ಮುಖ ಬಾಡಿಸಿಕೊಂಡು ನಿಂತ ದೃಶ್ಯ ಕಣ್ಣ ಮುಂದೆ ಬಂತು. ಅವನು ಹಣ ತೆಗೆದೇಬಿಟ್ಟ.

ಶನಿವಾರ ಮಿಹ್ವಾ ಅಂಗಡಿಗೆ ಕೈಯಲ್ಲಿ ಒಂದು ಡಬ್ಬಿ ಹಿಡಿದು ಬಂದಳು. "ಕೆಂಪು ಜಿನ್‌ಸೆಂಗ್ ಕಷಾಯ. ತಲೆಗೆ ಒಳ್ಳೇದು," ಎಂದು ಬೋಂಗ್‌ಗೆ ಕೊಟ್ಟಳು. "ಇಷ್ಟು ವರ್ಷದಿಂದ ಹೀಗಿದೆಯಲ್ಲ, ಡಾಕ್ಟರಿಗೆ ತೋರಿಸಿದ್ರಾ?"

ಬೋಂಗ್ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು ಗೋಡೆಯ ಕಡೆ ತಿರುಗಿ ನಿಂತ.

ಆಮೇಲೆ ಅವನು ನಿಜಕ್ಕೂ ಕಸುಬುದಾರನಂತೆ ಕೆಲಸಕ್ಕಿಳಿದ. ಸೋದಮ್‌ಗೆ ದಪ್ಪ ಕಾಲುಚೀಲ ಹಾಕಿಸಿ ಬೂಟು ತೊಡಿಸಿ ಇಳಿಜಾರು ಹಲಗೆಯ ಮೇಲೆ ಓಡಾಡಿಸಿದ. ಚೀಲದಲ್ಲಿ ಮರಳ ಮೂಟೆ ಇಟ್ಟು, ಭಾರ ಹೆಗಲ ಮೇಲಲ್ಲ, ಸೊಂಟದ ಪಟ್ಟಿಯ ಮೇಲೆ ಕೂರಬೇಕೆಂದು ಬಿಗಿದು ತೋರಿಸಿದ. ಹುಡುಗಿ ಆರಿಸಿದ್ದೆಲ್ಲ ಕಪ್ಪು.

"ಕಿತ್ತಳೆ ಬಣ್ಣದ್ದು ತಗೋ ಮಗಳೇ," ಎಂದ ಗುನ್‌ಸಿಕ್. "ಕಳೆದುಹೋದ್ರೆ ಹೆಲಿಕಾಪ್ಟರಿಗೆ ಕಾಣ್ಬೇಕು."

"ಅಪ್ಪ, ಕಳೆದುಹೋದ್ರೂ ಪರವಾಗಿಲ್ಲ, ಕ್ಲಾಸಿನವರಿಗೆ ಕಿತ್ತಳೆ ಬಣ್ಣದಲ್ಲಿ ಕಾಣೋದು ಬೇಡ."

"ಜಾಕೆಟ್ಟು ಎಷ್ಟು?" ಎಂದಳು ಮಿಹ್ವಾ.

"ಎರಡೂವರೆ ಕೋಳಿ," ಎಂದ ಬೋಂಗ್, ಗುನ್‌ಸಿಕ್‌ನ ಮುಖ ನೋಡುತ್ತ.

"ಜಾಸ್ತಿ ಆಯ್ತು. ಇವರದ್ದು ಎರಡಕ್ಕೇ ಕೊಟ್ಟಿದೀರಿ. ಇವಳು ಇವರಲ್ಲಿ ಅರ್ಧ ಇದಾಳೆ. ಒಂದೂವರೆ ಮಾಡ್ಕೊಳ್ಳಿ, ಮೇಲೆ ಎರಡು ಜೊತೆ ಕಾಲುಚೀಲ ಹಾಕಿ."

ಬೋಂಗ್ ನೋಡಿದ. ಗುನ್‌ಸಿಕ್ ಕಣ್ಣು ಮುಚ್ಚಿ ತಲೆಯಾಡಿಸಿದ. ಹೀಗೇ ಬೂಟು, ಪ್ಯಾಂಟು, ತಲೆದೀಪ, ಚೀಲ ಎಲ್ಲದರಲ್ಲೂ ಮಿಹ್ವಾ ಕೋಳಿಯ ರೆಕ್ಕೆ, ಕಾಲು, ಕತ್ತು ಒಂದೊಂದೇ ಕಳೆಯುತ್ತ ಬಂದಳು. ಅವಳು ಒಂದು ರೆಕ್ಕೆ ಉಳಿಸಿದಾಗಲೆಲ್ಲ ಎಡಗಾಲಿನ ಬೂಟು ಅಷ್ಟು ತೆಳ್ಳಗಾಯಿತು. ಎಲ್ಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅವಳು ಕನ್ನಡಿಯ ಮುಂದೆ ಒಂದು ನೀಲಿ ಜಾಕೆಟ್ಟು ಹಿಡಿದು ನಿಂತಿದ್ದಳು.

"ನಿಂಗ್ಯಾಕೆ?" ಎಂದ ಗುನ್‌ಸಿಕ್ ಕ್ಷೀಣವಾಗಿ. "ನೀನು ಬೆಟ್ಟಕ್ಕೆ ಹೋಗಲ್ವಲ್ಲ."

"ಹೋಗಲ್ಲ. ಆದ್ರೆ ಎರಡು ಕೋಳಿಗೆ ಸಿಕ್ತಿದೆ. ಬಿಡಕ್ಕೆ ಮನಸ್ಸು ಬರುತ್ತಾ ನೀವೇ ಹೇಳಿ? ಇದಕ್ಕೊಂದು ಬೂಟೂ ನೋಡಿ."

ಎಡಗಾಲಿನ ಬೂಟು ತಳ ಕಂಡಿತು. ಆದರೂ ಆ ಸಂಜೆ ಗುನ್‌ಸಿಕ್ ಹಗುರಾಗಿಯೇ ಇದ್ದ. ಸುಳ್ಳು ಉಳಿದಿತ್ತು, ಮಗಳು ಹೊಸ ಚೀಲ ಬೆನ್ನಿಗೇರಿಸಿಕೊಂಡೇ ಊಟಕ್ಕೆ ಕೂತಿದ್ದಳು. ಆಗ ಅವಳು ಮತ್ತೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಿದಳು.

"ಅಪ್ಪ, ನಾಳೆ ನಿನ್ನ ಜೊತೆ ಬರ್ತೀನಿ. ಹೊಸ ಬೂಟಲ್ಲಿ ಒಂದ್ಸಲ ಬೆಟ್ಟ ಹತ್ತಿ ಪಳಗಿಸಿರ್ಬೇಕು ಅಂತ ಮೇಷ್ಟ್ರು ಹೇಳಿದಾರೆ. ತಪಾಸಣೇಲಿ ಬೂಟಿನ ಅಡಿ ತಿರುಗಿಸಿ ನೋಡ್ತಾರಂತೆ."

"ನಾಳೆ ಮಳೆ ಅಂತೆ."

"ಒಳ್ಳೇದಾಯ್ತು. ಜಾಕೆಟ್ಟೂ ಪರೀಕ್ಷೆ ಆಗತ್ತೆ." ಅವಳು ಬಾಗಿಲ ಬಳಿಯಿದ್ದ ಅಪ್ಪನ ಬೂಟು ಎತ್ತಿ ನೋಡಿದಳು. "ಅಪ್ಪ, ನಿಂದು ನಂದಕ್ಕಿಂತ ಹೊಸದಾಗಿದೆಯಲ್ಲ."

"ನಾನು ಹಗುರವಾಗಿ ಹೆಜ್ಜೆ ಇಡ್ತೀನಿ."

"ರೀ," ಎಂದಳು ಮಿಹ್ವಾ ಅನ್ನ ಬಡಿಸುತ್ತ, "ನಾನೂ ಬರ್ತೀನಿ. ಜಾಕೆಟ್ಟು ಸುಮ್ನೆ ಯಾಕೆ ನೇತಾಡ್ಬೇಕು?"

ಭಾನುವಾರ ಮಳೆ ಬರಲಿಲ್ಲ. ಆಕಾಶ ತೊಳೆದಿಟ್ಟ ಹಾಗಿತ್ತು. ಮೂವರೂ ರೈಲಿಳಿದು ಓಣಿಗೆ ಬಂದಾಗ ಗುನ್‌ಸಿಕ್ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು, ಗುಂಪಿನ ನಡುವೆ ತೂರಿಕೊಂಡು ಬಿರಬಿರನೆ ನಡೆದ. ಆದರೆ ಆರು ವರ್ಷ ಒಂದೇ ಕುರ್ಚಿಯಲ್ಲಿ ಕೂತವನನ್ನು ಕಾವಲಿಯ ಹಿಂದಿನ ಅಜ್ಜಿ ಬೆನ್ನು ನೋಡಿಯೇ ಗುರುತಿಸಿದಳು.

"ಏನ್ ಯಜಮಾನ್ರೇ, ಎಲ್ಲಿಗೆ ಹೊರಟ್ರಿ? ಆ ಕಡೆ ಬೆಟ್ಟ ಇರೋದು."

ಗುನ್‌ಸಿಕ್ ತಿರುಗಲಿಲ್ಲ.

"ನಿಮ್ಮನ್ನೇ. ಹಿಟ್ಟು ಕಲೆಸಿಟ್ಟಿದೀನಿ. ದಾರಿ ತಪ್ಪಿದ್ರಾ?"

"ಪರಿಚಯದವರಾ?" ಎಂದಳು ಮಿಹ್ವಾ.

"ಬೇರೆ ಯಾರೋ ಅಂದ್ಕೊಂಡಿರ್ಬೇಕು. ಇಲ್ಲಿ ಎಲ್ಲರದ್ದೂ ಕೆಂಪು ಜಾಕೆಟ್ಟು."

ಕಲ್ಲಿನ ಮೆಟ್ಟಿಲು ಶುರುವಾಯಿತು. ಎಪ್ಪತ್ತು ದಾಟಿದ ಮುದುಕಿಯರು ಹರಟೆ ಹೊಡೆಯುತ್ತ ಗುನ್‌ಸಿಕ್‌ನನ್ನು ಹಿಂದೆ ಹಾಕಿದರು. ಸೋದಮ್ ಆಡಿನ ಮರಿಯ ಹಾಗೆ ಮುಂದೆ ಮುಂದೆ ಹಾರುತ್ತಿದ್ದಳು. ಮೊದಲನೆಯ ಬೆಂಚು ಕಂಡದ್ದೇ ಗುನ್‌ಸಿಕ್ ಹಳೆಯ ಸ್ನೇಹಿತನನ್ನು ಕಂಡವನಂತೆ ಅದರ ಮೇಲೆ ಬಿದ್ದ. ಬಾಯಿಂದ ಉಸಿರು ಬರುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ.

ಸೋದಮ್ ಹಿಂದಿರುಗಿ ಬಂದಳು. "ಚೀಲ ಕೊಡಪ್ಪ, ನಾನು ಹೊರ್ತೀನಿ."

"ಬೇಡ, ಬೇಡ. ತುಂಬ ಭಾರ ಇದೆ. ಹಗ್ಗ, ಒಲೆ, ತುರ್ತು ಸಾಮಾನು..."

ಅವಳು ಎತ್ತಿಯೇಬಿಟ್ಟಳು. ಒಂದು ಬೆರಳಲ್ಲಿ ಎತ್ತಿದ ಚೀಲವನ್ನು ಮೇಲೆ ಕೆಳಗೆ ಆಡಿಸಿ ನೋಡಿ, ಕುತೂಹಲ ತಡೆಯಲಾರದೆ ಜಿಪ್ಪು ಎಳೆದಳು. ಒಳಗಿಂದ ಹಸಿರು ದಿಂಬು ನಿಧಾನವಾಗಿ ಉಬ್ಬಿ ಹೊರಬಂತು.

ಹಿಂದಿನಿಂದ ಬಂದ ಮಿಹ್ವಾ ಅದನ್ನು ಬಗ್ಗಿ ನೋಡಿದಳು.

"ಸಿಕ್ತು," ಎಂದಳು ಮಿಹ್ವಾ.

ಸೋದಮ್ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗು ಕೇಳಿ ಒಂದು ವರ್ಷವೇ ಆಗಿತ್ತು. ನಾಚಿಕೆಯಿಂದ ಭೂಮಿಗಿಳಿದು ಹೋಗಬೇಕೆನ್ನಿಸುತ್ತಿದ್ದರೂ ಗುನ್‌ಸಿಕ್‌ಗೆ, ಇದು ಮೊದಲೇ ಗೊತ್ತಿದ್ದರೆ ದಿಂಬನ್ನು ಎಂದೋ ತೋರಿಸಬಹುದಿತ್ತು ಅನ್ನಿಸಿತು. ಅವಳು ಅಪ್ಪನ ಊರುಗೋಲುಗಳನ್ನು ತೆಗೆದುಕೊಂಡು (ಅವುಗಳ ಉದ್ದ ಹೊಂದಿಸಬಹುದು ಎಂಬುದೇ ಅವನಿಗೆ ಗೊತ್ತಿರಲಿಲ್ಲ) ತನ್ನ ಎತ್ತರಕ್ಕೆ ಸರಿಮಾಡಿಕೊಂಡು, ದಿಂಬನ್ನು ಅವನ ಮಡಿಲಲ್ಲಿಟ್ಟು ಹೊರಟಳು. ಹಿಂದೆ ಮಿಹ್ವಾ, ನೀಲಿ ಜಾಕೆಟ್ಟಿನಲ್ಲಿ, ತಿರುಗಿಯೂ ನೋಡದೆ.

ಮಧ್ಯಾಹ್ನ ಗುನ್‌ಸಿಕ್ ತನ್ನ ಮಾಮೂಲಿ ಕುರ್ಚಿಯಲ್ಲಿದ್ದಾಗ ಫೋನಿಗೆ ಒಂದು ಚಿತ್ರ ಬಂತು. ಬಿಳಿ ಬಂಡೆಗಳ ತುದಿಯಲ್ಲಿ ತಾಯಿ ಮಗಳು, ಕೂದಲೆಲ್ಲ ಗಾಳಿಗೆ ಕೆದರಿ, ಕೆಳಗೆ ಇಡೀ ಊರು ಬೆಂಕಿಪೊಟ್ಟಣ ಚೆಲ್ಲಿದ ಹಾಗೆ. ಅವನು ಅದನ್ನು ಬಹಳ ಹೊತ್ತು ನೋಡಿದ. ಅಜ್ಜಿಯೂ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದಳು.

"ಎಷ್ಟು ಚೆನ್ನಾಗಿದೆ. ಇದ್ಯಾವ ಊರು?"

"ಇದೇ ಬೆಟ್ಟ ಅಜ್ಜಿ. ಮೇಲೆ."

"ಹೌದಾ? ಮೇಲೆ ಹೀಗಿರತ್ತಾ? ನಲವತ್ತು ವರ್ಷ ಆಯ್ತು, ನಂಗೆ ಗೊತ್ತೇ ಇರ್ಲಿಲ್ಲ ನೋಡಿ."

ಅಷ್ಟರಲ್ಲಿ ಫೋನು ರಿಂಗಾಯಿತು. ಮಿಹ್ವಾ.

"ರೀ, ಇಳೀತಾ ಇದೀವಿ. ಮಗಳ ಬೂಟಿಗೆ ಮಣ್ಣು ಚೆನ್ನಾಗಿ ಹತ್ತಿದೆ, ತಪಾಸಣೆ ಭಯ ಇಲ್ಲ. ಆ ಅಜ್ಜಿ ಹತ್ರ ಮೂರು ಜನಕ್ಕೆ ಹೇಳಿಡಿ."

"ಆಗ್ಲಿ," ಎಂದ ಗುನ್‌ಸಿಕ್. ಆಮೇಲೆ ಧೈರ್ಯ ಮಾಡಿ ಗಂಟಲು ಸರಿಪಡಿಸಿಕೊಂಡ. "ನನ್ನ ಹತ್ರ ಈಗ ಅಷ್ಟು ದುಡ್ಡಿಲ್ಲ ಕಣೇ."

"ಗೊತ್ತು, ಎಡಗಾಲಿನ ಬೂಟು ಖಾಲಿ ಆಯ್ತಲ್ಲ. ಬಲಗಾಲಿನದು ನಾನು ತಂದಿದೀನಿ."

ಗುನ್‌ಸಿಕ್ ಬಟ್ಟಲಲ್ಲಿ ಮಿಕ್ಕಿದ್ದ ಮಕ್ಕೊಲ್ಲಿಯನ್ನು ಒಂದೇ ಗುಟುಕಿಗೆ ಮುಗಿಸಿದ.

"ನಾನು ಬುಧವಾರವೇ ಹೋಗಿ ಬೋಂಗ್ ಅವರನ್ನ ಮಾತಾಡಿಸಿ ಬಂದಿದ್ದೆ. ತುಂಬಾ ಒಳ್ಳೆಯವರು ಪಾಪ, ತಲೆ ಏನೂ ಕೆಟ್ಟಿಲ್ಲ." ಅವಳ ಹಿಂದೆ ಸೋದಮ್ ಮತ್ತೆ ನಗುವುದು ಕೇಳಿಸುತ್ತಿತ್ತು. "ಬಲಗಾಲಿನದನ್ನ ಎಣಿಸಿದೆ ಕಣ್ರೀ, ಸರಿಯಾಗಿ ನೂರು ಕೋಳಿ ಇದೆ. ನಿಮ್ಮ ಲೆಕ್ಕದಲ್ಲಿ ಐವತ್ತು ಜಾಕೆಟ್ಟು ಬರತ್ತೆ. ಬೋಂಗ್ ಲೆಕ್ಕದಲ್ಲಿ ಎರಡು. ಮುಂದಿನ ಭಾನುವಾರ ಯಾರ ಲೆಕ್ಕದಲ್ಲಿ ಖರ್ಚು ಮಾಡ್ಲಿ, ಊಟ ಮಾಡ್ತಾ ಹೇಳಿ."

ಗುನ್‌ಸಿಕ್ ಫೋನು ಕೆಳಗಿಟ್ಟ. ಹಸಿರು ದಿಂಬನ್ನು ಪಕ್ಕದ ಕುರ್ಚಿಯ ಮೇಲಿಟ್ಟು, ಅದರ ಮೇಲಿದ್ದ ಎಣ್ಣೆಯ ಕಲೆಯನ್ನು ತೋಳಿನಿಂದ ಉಜ್ಜುತ್ತ ಅಜ್ಜಿಯನ್ನು ಕರೆದ.

"ಇನ್ನಷ್ಟು ಹಿಟ್ಟು ಕಲೆಸಿ ಅಜ್ಜಿ. ಮನೆಯವಳು ಬರ್ತಿದಾಳೆ."