ನಲವತ್ತೆರಡನೇ ದೂರು

ಇಷ್ಟೆಲ್ಲ ರಾದ್ಧಾಂತ ಆಗಿದ್ದು ಒಂದು ಚಪ್ಪಡಿ ಕಲ್ಲಿಗೆ. ಐದಡಿ ಉದ್ದ, ಎರಡಡಿ ಅಗಲ, ಅಷ್ಟೇ. ವಸಂತನೇನು ಅರಮನೆಯ ಕಂಬ ಕಿತ್ತುಕೊಡಿ ಅಂದಿದ್ದನೇ? ಮೈಸೂರಿನ ದಟ್ಟಗಳ್ಳಿಯ ತನ್ನ ಮನೆಯ ಗೇಟಿನ ಮುಂದಿರುವ ಮೋರಿಗೆ ಒಂದು ಮುಚ್ಚಳ ಕೇಳಿದ್ದ. ಕೇಬಲ್ ಹೂಳಲು ಬಂದವರು ಇದ್ದ ಚಪ್ಪಡಿಯನ್ನು ಒಡೆದು, ಅದರ ಚೂರನ್ನೂ ಬಿಡದೆ ಹೊತ್ತುಕೊಂಡು ಹೋಗಿ ಎಂಟು ತಿಂಗಳಾಗಿತ್ತು.

ವಸಂತ ಕರೆಂಟ್ ಮೀಟರ್ ಓದುವವನು. ಮೀಟರಿನ ಎದುರು ನೆಟ್ಟಗೆ ನಿಂತು, ಕೈ ಅಲುಗದಂತೆ ಫೋಟೋ ಹೊಡೆಯುವುದು ಅವನ ದಿನದ ಕೆಲಸ. ಮೋರಿಯನ್ನೂ ಹಾಗೇ ಹೊಡೆದ. ಅದೇ ಜಾಗ, ಅದೇ ದೂರ, ಕೆಳಗೆ ತಾರೀಕು. ವಾರ್ಡ್ ಕಚೇರಿಯ ವಾಟ್ಸಾಪ್ ನಂಬರಿಗೆ ಹೀಗೆ ನಲವತ್ತೊಂದು ದೂರು ಹೋದವು. ನಲವತ್ತೊಂದಕ್ಕೂ ಬಂದ ಉತ್ತರ ಒಂದೇ, ಕೈಮುಗಿದ ಚಿತ್ರ.

ಮೂವತ್ತಾರನೇ ದೂರಿನ ದಿನ ಅವನ ತಾಯಿ ಮಂಚಮ್ಮ ಸೊಪ್ಪು ತರಲು ಹೊರಟು, ಮೋರಿಗೆ ಅಡ್ಡ ಹಾಕಿದ್ದ ಹಲಗೆ ಜಾರಿ ಒಳಗೆ ಬಿದ್ದು ಕಾಲು ಮುರಿದುಕೊಂಡಳು. ಇವತ್ತು ಆಸ್ಪತ್ರೆಯಿಂದ ಮನೆಗೆ ಬರುವವಳು, ಅದೂ ಗಾಲಿಕುರ್ಚಿಯಲ್ಲಿ. ಹಲಗೆಯ ಮೇಲೆ ಗಾಲಿಕುರ್ಚಿ ಉರುಳಿಸಲಾದೀತೇ? ವಸಂತ ನಿನ್ನೆ ಕಚೇರಿಗೇ ನುಗ್ಗಿ ಕೂಗಾಡಿದಾಗ ಇಂಜಿನಿಯರ್ ಸಿದ್ದಮಲ್ಲಪ್ಪ ಎದೆ ಮುಟ್ಟಿಕೊಂಡು ಹೇಳಿದ್ದರು, "ನಾಳೆ ಹನ್ನೊಂದಕ್ಕೆ ಚಪ್ಪಡಿ ನಿಮ್ಮನೆ ಮುಂದೆ ಇರುತ್ತೆ ಕಣ್ರೀ."

ಬೆಳಿಗ್ಗೆ ಒಂಬತ್ತಕ್ಕೆ ಚಪ್ಪಡಿಯ ಬದಲು ಪಕ್ಕದ ಮನೆಯ ಯೋಗೇಂದ್ರ ಬಂದರು. ಬಡಾವಣೆಯ ಸಂಘಕ್ಕೆ ಅವರೇ ಅಧ್ಯಕ್ಷರು. ಕೈಯಲ್ಲಿ ಪೇಪರ್ ಇತ್ತು.

"ವಸಂತ್ ಸಾರ್! ಎಂಥಾ ಕಲಾವಿದ್ರನ್ನ ಪಕ್ಕದಲ್ಲಿಟ್ಕೊಂಡು ನಾವು ಇಷ್ಟು ದಿನ ಸುಮ್ನೆ ಇದ್ದುಬುಟ್ವಲ್ಲ!"

ಪೇಪರಿನಲ್ಲಿ ವಸಂತನ ಮೋರಿ ಅರ್ಧ ಪುಟ ಹರಡಿಕೊಂಡಿತ್ತು. ವಿದೇಶದ ದೊಡ್ಡ ಫೋಟೋ ಪ್ರಶಸ್ತಿಯ ಕೊನೆಯ ಹತ್ತು ಜನರ ಪಟ್ಟಿಯಲ್ಲಿ ಮೈಸೂರಿನ ವಸಂತ್. ಚಿತ್ರಸರಣಿಯ ಹೆಸರು 'ನಲವತ್ತೊಂದು ಬೆಳಗು'.

"ಕೀರ್ತೀ!" ಎಂದು ವಸಂತ ಒಳಗೆ ಕೂಗಿದ.

ಚಿತ್ರಕಲೆ ಓದುತ್ತಿದ್ದ ಮಗಳು ಬಾಗಿಲ ಹಿಂದಿನಿಂದ ಮುಖ ಹೊರಗೆ ಹಾಕಿದಳು. "ನಾನೇ ಕಳ್ಸಿದ್ದು ಅಪ್ಪ. ಇಲ್ಲಿಯವರು ಯಾರೂ ನೋಡ್ಲಿಲ್ವಲ್ಲ, ಅಲ್ಲಿಯವರಾದ್ರೂ ನೋಡ್ಲಿ ಅಂತ."

ಯೋಗೇಂದ್ರ ಅಷ್ಟರಲ್ಲಿ ತೀರ್ಪುಗಾರರ ಮಾತನ್ನು ಗಟ್ಟಿಯಾಗಿ ಓದತೊಡಗಿದ್ದರು. "ಮನುಷ್ಯನಿಗೂ ಶೂನ್ಯಕ್ಕೂ ನಡುವಿನ ಮೌನ ಸಂವಾದ. ಮೂವತ್ತಾರನೆಯ ಚಿತ್ರದಲ್ಲಿ ತೇಲುವ ಒಂಟಿ ಚಪ್ಪಲಿ ಅದ್ಭುತ ರೂಪಕ..."

"ಯಾವ್ ಮೌನ ರೀ? ಒಂದೊಂದು ಫೋಟೋ ತೆಗೆಯುವಾಗ್ಲೂ ಬಾಯಿಗೆ ಬಂದಂಗೆ ಬೈದಿದೀನಿ! ಅದು ರೂಪಕ ಅಲ್ಲ, ನಮ್ಮವ್ವನ ಎಡಗಾಲಿನ ಚಪ್ಪಲಿ!"

"ಆಹಾ, ಎಂಥಾ ಮಾತು!" ಎಂದು ಯೋಗೇಂದ್ರ ಅದನ್ನೂ ಬರೆದುಕೊಂಡರು.

ಹನ್ನೊಂದಕ್ಕೆ ಸರಿಯಾಗಿ ಟ್ರ್ಯಾಕ್ಟರ್ ಬಂತು. ಹಿಂದೆ ಹೊಚ್ಚಹೊಸ ಚಪ್ಪಡಿ. ವಸಂತನ ಕಣ್ಣಲ್ಲಿ ನೀರೇ ಬಂತು. ನಾಲ್ಕು ಜನ ಆಳುಗಳು ಕಲ್ಲನ್ನು ಇಳಿಸಿ ಮೋರಿಯ ಹತ್ತಿರ ತಂದರೋ ಇಲ್ಲವೋ, ಎದುರು ಮನೆಯ ಚೆಲುವಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಅಡ್ಡ ನಿಂತಳು.

"ಮುಟ್ಬ್ಯಾಡಿ! ಫಾರಿನ್ನೋರು ನೋಡಕ್ ಬಂದ್ರೆ ಏನ್ ತೋರ್ಸೋದು? ಕಲ್ಲು ತೋರ್ಸೋದಾ?"

"ಚೆಲುವಮ್ನೋರೇ, ನೀವೇ ಎರಡು ಸಲ ಬಿದ್ದಿದ್ದೀರಲ್ರೀ ಇದ್ರೊಳಗೆ!"

"ಅದ್ಕೇ ಹೇಳ್ತಿರೋದು ವಸಂತಣ್ಣ. ನಾನೂ ಬಿದ್ದಿವ್ನಿ, ನಂದೂ ಪಾಲೈತೆ."

ಅಷ್ಟರಲ್ಲಿ ಜೀಪಿನಿಂದ ಸಿದ್ದಮಲ್ಲಪ್ಪ ಇಳಿದರು. ಎಂಟು ತಿಂಗಳು ಈ ಬೀದಿಯ ದಾರಿಯೇ ಗೊತ್ತಿಲ್ಲದಿದ್ದ ಮನುಷ್ಯ ಈಗ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಹಿಡಿದು ಮದುವೆಗೆ ಬಂದ ಬೀಗರ ಹಾಗೆ ನಗುತ್ತಿದ್ದರು. ವಸಂತ ಬಾಯಿ ತೆರೆಯುವ ಮೊದಲೇ ಪೇಟ ತಲೆಯ ಮೇಲೆ ಕೂತಿತ್ತು.

"ಮೇಲಿನವರು ಫೋನ್ ಮಾಡಿದ್ರು ಸಾರ್. ಎಲ್ರಿಗೂ ಬಹಳ ಸಂತೋಷ. ನಮ್ಮ ಕಚೇರಿ ಸಹಕಾರ ಇಲ್ದೇ ಇದ್ರೆ ಈ ಸಾಧನೆ ಆಗ್ತಿರ್ಲಿಲ್ಲ ಅಂತ ಒಂದ್ ಮಾತು ಹೇಳ್ಬುಡಿ."

ಇದೊಂದು ಮಾತು ಮಾತ್ರ ಅಪ್ಪಟ ಸತ್ಯವಾಗಿತ್ತು. ಅದಕ್ಕೇ ವಸಂತನ ಪಿತ್ತ ನೆತ್ತಿಗೇರಿತು.

"ಸಾಧನೆ ಮನೆ ಹಾಳಾಗ! ನಾಲ್ಕು ಗಂಟೆಗೆ ನಮ್ಮವ್ವ ಬರ್ತಾಳೆ. ಕಲ್ಲು ಹಾಕಿ!"

ಯಾರೂ ಅಲುಗದಿದ್ದಾಗ ಅವನೇ ಬಗ್ಗಿ ಚಪ್ಪಡಿಯನ್ನು ಎಳೆದ. ಕಲ್ಲು ಒಂದಿಂಚೂ ಜರುಗಲಿಲ್ಲ. ಪೇಟ ಜಾರಿ ಕಣ್ಣು ಮುಚ್ಚಿತು. ಸುತ್ತಲಿನ ಹದಿನೈದು ಮೊಬೈಲುಗಳು ಫೋಟೋ ಹೊಡೆದವು. "ಕಲಾವಿದರ ಕೋಪ!" ಎಂದು ಯಾರೋ ಮೆಚ್ಚಿಕೊಂಡರು.

"ಸಾರ್, ಒಂದ್ ಸ್ವಲ್ಪ ದೊಡ್ಡ ಮನಸ್ಸು ಮಾಡಿ," ಯೋಗೇಂದ್ರ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಅಮ್ಮ ಬಿದ್ದಿದ್ದಕ್ಕೇ ಅಲ್ವೇ ಸರಣಿಗೆ ಒಂದು ಜೀವ ಬಂದಿದ್ದು?"

ವಸಂತ ಪೇಟ ತೆಗೆದು ಯೋಗೇಂದ್ರರ ಕೈಗೆ ತುರುಕಿದ. ಬೀದಿಗೆಲ್ಲ ಕೇಳುವಂತೆ ಹೇಳಿದ, "ಕೀರ್ತಿ, ಫೋನ್ ತಗೊ. ನಮಗೆ ಪ್ರಶಸ್ತಿ ಬೇಡ, ಫೋಟೋ ಎಲ್ಲ ವಾಪಸ್ ಕೊಡಿ ಅಂತ ಈಗ್ಲೇ ಬರಿ."

ಸಿದ್ದಮಲ್ಲಪ್ಪನವರ ಮುಖದ ನಗು ಆರಿತು. ಅವರು ವಸಂತನ ಎರಡೂ ಕೈ ಹಿಡಿದುಕೊಂಡರು.

"ಬ್ಯಾಡಿ ಸಾರ್, ಬ್ಯಾಡಿ. ನೀವು ನೆಮ್ಮದಿಯಾಗಿ ಹೋಗಿ ಅಮ್ಮನ್ನ ಕರ್ಕೊಂಡ್ ಬನ್ನಿ. ನೀವು ಬರೋಷ್ಟ್ರಲ್ಲಿ ಇದೇ ಕಲ್ಲನ್ನ ಇಲ್ಲೇ ನಿಲ್ಸಿರ್ತೀನಿ, ಸಿಮೆಂಟ್ ಹಾಕಿ, ಅಲ್ಲಾಡದ ಹಂಗೆ. ನನ್ನ ಮಕ್ಕಳಾಣೆ."

ಮಕ್ಕಳ ಮೇಲೆ ಆಣೆ ಇಟ್ಟವರನ್ನು ನಂಬದೆ ಏನು ಮಾಡುವುದು? ವಸಂತ ಕೀರ್ತಿಗೆ ಬರೆಯಬೇಡ ಎಂದು ಹೇಳಿ ಆಸ್ಪತ್ರೆಗೆ ಹೋದ. ವಾಪಸ್ ಬರುವ ದಾರಿಯಲ್ಲಿ ತಾಯಿಗೆ ಎಲ್ಲ ಹೇಳಿದ. ಆಟೋದಲ್ಲಿ ಕಾಲು ಚಾಚಿಕೊಂಡು ಕೂತಿದ್ದ ಮಂಚಮ್ಮ, "ಹೋಗ್ಲಿ ಬುಡು ಮಗ, ಅಂತೂ ಕಲ್ಲು ಬಂತಲ್ಲ," ಅಂದಳು.

ಆಟೋ ಬೀದಿಯ ತಿರುವಿಗೆ ಬಂದಾಗ ಜನ ತುಂಬಿದ್ದರು. ವಸಂತ ಇಳಿದು ದಾರಿ ಬಿಡಿಸಿಕೊಂಡು ಹೋದ.

ಚಪ್ಪಡಿ ಇತ್ತು. ಮೋರಿಯ ಅಂಚಿನಲ್ಲಿ, ಗೇಟಿನ ಪಕ್ಕ, ಸಿಮೆಂಟಿನಲ್ಲಿ ಹೂತು ನೆಟ್ಟಗೆ ನಿಂತಿತ್ತು. ಅದರ ಮೇಲೆ ಹಳದಿ ಬಣ್ಣ ಬಳಿದು ಕೆಂಪು ಅಕ್ಷರದಲ್ಲಿ ಬರೆದಿದ್ದರು: 'ವಿಶ್ವಮಟ್ಟದ ಛಾಯಾಚಿತ್ರ ಪ್ರಶಸ್ತಿಗೆ ಆಯ್ಕೆಯಾದ ಮೋರಿ. ಇದನ್ನು ಮುಚ್ಚುವುದನ್ನು, ದಾಟುವುದನ್ನು ನಿಷೇಧಿಸಲಾಗಿದೆ.' ಕೆಳಗೆ ಯೋಗೇಂದ್ರರ ಹೆಸರು, ಸಿದ್ದಮಲ್ಲಪ್ಪನವರ ಹೆಸರು, ಚೆಲುವಮ್ಮನ ಹೆಸರು. ಕಲ್ಲಿನ ತುದಿಗೆ ಒಂದು ಮಲ್ಲಿಗೆ ಹಾರ. ಮೋರಿ ಎಂದಿನಂತೆ ಬಾಯಿ ತೆರೆದುಕೊಂಡೇ ಇತ್ತು.

ಜೇಬಿನಲ್ಲಿ ಮೊಬೈಲ್ ಗುಂಯ್‌ಗುಟ್ಟಿತು. ವಾರ್ಡ್ ಕಚೇರಿಯ ಸಂದೇಶ. ಎಂಟು ತಿಂಗಳಲ್ಲಿ ಮೊದಲ ಸಲ ಅಕ್ಷರದಲ್ಲಿ ಬಂದಿತ್ತು: 'ನಿಮ್ಮ ಮನೆ ಮುಂದೆ ಚಪ್ಪಡಿ ಅಳವಡಿಸಲಾಗಿದೆ. ದೂರು ಮುಕ್ತಾಯಗೊಂಡಿದೆ.' ಜೊತೆಗೆ ಅದೇ ಕೈಮುಗಿದ ಚಿತ್ರ.

ವಸಂತ ಎಂದಿನ ಜಾಗಕ್ಕೆ ಹೋಗಿ, ಎಂದಿನ ದೂರದಲ್ಲಿ ನೆಟ್ಟಗೆ ನಿಂತು, ನಲವತ್ತೆರಡನೇ ದೂರಿಗಾಗಿ ಮೊಬೈಲ್ ಎತ್ತಿದ.

"ಎಲ್ರೂ ಸರೀರಿ, ಸರೀರಿ! ಸಾರ್ ಹೊಸ ಫೋಟೋ ತೆಗೀತಾವ್ರೆ!" ಎಂದು ಯೋಗೇಂದ್ರ ಕೂಗಿದರು.

ಇಡೀ ಬೀದಿ ಚಪ್ಪಾಳೆ ತಟ್ಟಿತು. ಮಂಚಮ್ಮ ಇನ್ನೂ ಆಟೋದಲ್ಲೇ ಕೂತಿದ್ದಳು.