ಪಾತಾಳಗರಡಿಯ ಪ್ರಾತ್ಯಕ್ಷಿಕೆ

ತೊಂಬತ್ತರ ದಶಕದ ಮಾತು. ನನ್ನ ತಂಗಿ ಗಿರಿಜಳನ್ನು ನೋಡಲು ಹುಡುಗನ ಅಪ್ಪ-ಅಮ್ಮ ಭದ್ರಾವತಿಯಿಂದ ಬಂದಿದ್ದರು. ಹುಡುಗ ಹಿಂದಿನ ವಾರವೇ ಬಂದು ಒಪ್ಪಿಹೋಗಿದ್ದ. ಗಿರಿಜಳಿಗೂ ಅವನು ಹಿಡಿಸಿದ್ದ. ಇನ್ನು ಹಿರಿಯರು ಹೂಂ ಅಂದರೆ ಮುಗಿಯಿತು. ಆದರೆ ಹೇಳಿದ ಹೊತ್ತಿಗಿಂತ ಬಹಳ ಮೊದಲೇ ಅವರು ಗೋಪಾಳ ಬಡಾವಣೆಯ ನಮ್ಮ ಮನೆಗೆ ಬಂದುಬಿಟ್ಟರು. ಒಳಗೆ ಉಪ್ಪಿಟ್ಟಿನ ರವೆಯನ್ನೇ ಹುರಿದಿರಲಿಲ್ಲ!

“ಸ್ವಲ್ಪ ಹೊತ್ತು ಎಲ್ಲಾದ್ರೂ ಸುತ್ತಾಡಿಸ್ಕೊಂಡು ಬನ್ನಿ,” ಎಂದು ಹೆಂಡತಿ ಪಿಸುಗುಟ್ಟಿದಳು. “ಆದ್ರೆ ಬಾಯಿ ಬಿಗಿ ಹಿಡೀರಿ ಮಾರಾಯ್ರೇ!”

ನನ್ನ ಪಾಂಡಿತ್ಯದ ಬಗ್ಗೆ ಅವಳಿಗೆ ಎಂದೂ ಗೌರವವಿಲ್ಲ. ಅತಿಥಿಗಳನ್ನು ಆಟೋದಲ್ಲಿ ಕೂರಿಸಿ ನೇರವಾಗಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದೆ. ಹಳೇ ಮನೆಗಳ ಸಾಮಾನು ಕೂಡಿಸಿಟ್ಟ ಪುಟ್ಟ ಜಾಗ. ಯಾವುದಕ್ಕೂ ಹೆಸರಿನ ಚೀಟಿ ಅಂಟಿಸಿರಲಿಲ್ಲ. ನನ್ನಂಥ ವಿದ್ವಾಂಸನಿಗೆ ಇನ್ನೇನು ಬೇಕು?

ಮರದ ಕಾಲು, ತೂತುಗಳ ಹಿತ್ತಾಳೆ ಬಿಲ್ಲೆ, ಮೇಲೊಂದು ಒತ್ತುವ ಹಿಡಿ ಇದ್ದ ಸಾಧನದ ಮುಂದೆ ನಿಂತು ಘೋಷಿಸಿದೆ: “ಪಾಳೇಗಾರರ ಕಾಲದ್ದು. ಕಳ್ಳರ ಬೆರಳು ಇದರೊಳಗಿಟ್ಟು ಹಿಂಡ್ತಿದ್ರು.”

“ಅಯ್ಯೋ ಶಿವನೇ!” ಎಂದರು ಹುಡುಗನ ತಂದೆ. ತಾಯಿ ಮಾತ್ರ “ಹೌದಾ?” ಎಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಪಾಪ, ಹೆದರಿರಬೇಕು ಅಂದುಕೊಂಡೆ.

ಮುಂದೆ, ಗೋಡೆಯ ಮೊಳೆಗೆ ಕಬ್ಬಿಣದ ವಸ್ತುವೊಂದು ನೇತಾಡುತ್ತಿತ್ತು. ಸುತ್ತಲೂ ಬರೀ ಕೊಕ್ಕೆಗಳು.

“ಅರಮನೆಯ ತೂಗುದೀಪ! ಒಂದೊಂದು ಕೊಕ್ಕೆಗೂ ಒಂದೊಂದು ಹಣತೆ,” ಎಂದೆ.

ಅಷ್ಟಕ್ಕೇ ನಿಂತರೆ ನಾನು ನಾನೇ ಅಲ್ಲ. ‘ಮುಟ್ಟಬೇಡಿ’ ಎಂಬ ಬೋರ್ಡು ಸಾಮಾನ್ಯರಿಗೆ ತಾನೇ? ಅದನ್ನು ತೆಗೆದು ತಲೆಯ ಮೇಲೆತ್ತಿ ತೋರಿಸಿದೆ. ಇಳಿಸುವಾಗ ಒಂದು ಕೊಕ್ಕೆ ನನ್ನ ಕಾಲರಿಗೆ ಹಿಂದಿನಿಂದ ಸಿಕ್ಕಿಕೊಂಡಿತು. ಕೊಡವಿದೆ. ಇನ್ನೊಂದು ಹುಡುಗನ ತಂದೆಯ ಜುಬ್ಬಾ ಹಿಡಿಯಿತು. ಅವರು ಜಗ್ಗಿದರು. ನಾನೂ ಜಗ್ಗಿದೆ. “ರೀ, ಬೋರ್ಡ್ ಕಾಣ್ಸಲ್ವಾ?” ಎಂದು ಕಾವಲುಗಾರ ಓಡಿಬಂದು ಬಿಡಿಸಲು ಕೈಹಾಕಿದ. ಅವನ ತೋಳೂ ಸಿಕ್ಕಿಕೊಂಡಿತು! ಮೂವರೂ ಒಂದೇ ಗೊಂಚಲಾಗಿ ಗಿರಗಿರನೆ ತಿರುಗಿದೆವು. ಪರ್ರನೆ ಏನೋ ಹರಿಯಿತು. ಜುಬ್ಬಾ!

“ಎಳೀಬೇಡಿ! ಎಳೆದಷ್ಟೂ ಹಿಡ್ಕೊಳ್ಳತ್ತೆ,” ಎಂದು ಹುಡುಗನ ತಾಯಿ ಮುಂದೆ ಬಂದು ಕೊಕ್ಕೆಗಳನ್ನು ಒಂದೊಂದಾಗಿ ಬಿಡಿಸಿದರು. “ಇದು ಪಾತಾಳಗರಡಿ ಕಣಪ್ಪಾ. ಬಾವಿಗೆ ಬಿದ್ದ ಕೊಡ ಎತ್ತೋದು. ಆಗ ಕಳ್ಳರ ಬೆರಳು ಹಿಂಡಿದ್ಯಲ್ಲ, ಅದು ಶ್ಯಾವಿಗೆ ಒತ್ತೋದು.”

“ಗೊತ್ತಿದ್ದೂ ಸುಮ್ನಿದ್ಯಾ?” ಎಂದು ಅವರ ಯಜಮಾನರು ಹರಿದ ಜುಬ್ಬಾ ಹಿಡಿದುಕೊಂಡೇ ಕೇಳಿದರು.

“ಹೆಣ್ಣಿನ ಅಣ್ಣ ಅಷ್ಟು ಉತ್ಸಾಹದಿಂದ ಹೇಳ್ತಿದ್ದ. ಮನಸ್ಸು ಯಾಕೆ ನೋಯಿಸ್ಲಿ ಅಂತ.”

ಮತ್ತೆ ಆಟೋ ಹತ್ತಿ ಮನೆಗೆ ಹೊರಟೆವು. ಗಿರಿಜಳಿಗೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಮನೆಯಲ್ಲಿ ಆಕೆ ಉಪ್ಪಿಟ್ಟು ತಂದಿಟ್ಟಳು. ನನ್ನ ಶಾಲು ಹೊದ್ದು ಕೂತಿದ್ದ ಹುಡುಗನ ತಂದೆ ತಿಂದು ಮುಗಿಸಿ, ನೀರು ಕುಡಿದು, ಗಂಟಲು ಸರಿಮಾಡಿಕೊಂಡರು.

“ಹುಡುಗಿ ನಮಗೆ ಒಪ್ಪಿಗೆ. ಒಂದೇ ಷರತ್ತು. ಮದುವೆ ಮನೇಲಿ ಈ ಅಣ್ಣನ ಕೈಗೆ ಯಾವ ಕೆಲಸಾನೂ ಕೊಡಬಾರದು.”

ಇದು ನಮ್ಮ ಮನೆತನದ ಮರ್ಯಾದೆಯ ಪ್ರಶ್ನೆ, ನಾಲ್ಕು ಜನ ಕೂತು ಚರ್ಚಿಸಬೇಕಾದ ವಿಷಯ ಎಂದು ಹೇಳಲು ಎದೆಯುಬ್ಬಿಸಿ ಎದ್ದು ನಿಂತೆ. ಅಷ್ಟರಲ್ಲಿ ನನ್ನ ಹೆಂಡತಿಯೂ ತಂಗಿಯೂ ಒಂದೇ ಉಸಿರಿನಲ್ಲಿ, “ಆಗಲಿ!” ಎಂದಿದ್ದರು.