ಮೆಸ್ಸಿಗೆ ಹೋದ ಮನೆ ಡಬ್ಬಿ

ಗ್ಯಾಸು ಅರ್ಧಕ್ಕೇ ಮುಗಿಯಬಹುದು. ಬೋರ್‌ವೆಲ್ ಮೋಟಾರು ಸುಟ್ಟು ಕೈ ತೊಳೆಯಲೂ ನೀರಿಲ್ಲದಂತಾಗಬಹುದು. ರೊಟ್ಟಿ ಬಡಿಯಲು ಬರುವ ಹೆಂಗಸರಲ್ಲಿ ಇಬ್ಬರ ಮನೆಯಲ್ಲಿ ಅವತ್ತೇ ಬಸುರಿಗೆ ಕುಬಸ ಮಾಡುವ ಕಾರ್ಯ ಇರಬಹುದು. ಸಾರಿನಲ್ಲಿ ಹಲ್ಲಿ ಬೀಳಬಹುದು. ಬೀಳದಿದ್ದರೂ ಕರಿಬೇವಿನ ಕಡ್ಡಿಯೊಂದು ಹಲ್ಲಿಯ ಬಾಲದಂತೆ ಕಾಣಬಹುದು. ಗಂಗಾವತಿ ಕಡೆಯ ಮಕ್ಕಳು ಅನ್ನ ಸಾಲದೆಂದು ತಟ್ಟೆ ಬಾರಿಸಬಹುದು. ಕುಷ್ಟಗಿ, ಯಲಬುರ್ಗಾ ಕಡೆಯವರು ರೊಟ್ಟಿ ಸಾಲದೆಂದು ತಟ್ಟೆ ಬಾರಿಸಬಹುದು. ರಿಜಿಸ್ಟ್ರಾರ್ ಸಾಹೇಬರಿಗೆ ಹಾಕಬೇಕಾದ ಮೆಸ್ಸಿನ ಕುರ್ಚಿಯ ಹಿಂದಿನ ಕಾಲು ಮೂರು ವರ್ಷದಿಂದ ಅಲುಗಾಡುತ್ತಿದೆ. ಅದು ಶುಕ್ರವಾರವನ್ನೇ ಮುಹೂರ್ತವೆಂದು ಆರಿಸಿಕೊಳ್ಳಬಹುದು.

ಇಂಥವು ಒಟ್ಟು ಮೂವತ್ತಾರು. ಒಂದು ದೊಡ್ಡ ಹಾಳೆಯ ಎರಡೂ ಬದಿ ತುಂಬಿದ್ದವು. ಚಿಂತೆ ಮಾಡುವ ವಿಷಯದಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ಊರಾಚೆಯ ನಮ್ಮ ಪುಟ್ಟ ವಿಶ್ವವಿದ್ಯಾಲಯದಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಸಾವಿರದಲ್ಲೊಂದು ಸಂಭವವಿರುವ ಅಪಾಯಕ್ಕೆ ಹೆದರಬೇಕಿಲ್ಲ ಎಂದು ಕರಿಹಲಗೆಯ ಮೇಲೆ ಸಾಧಿಸಿ ತೋರಿಸುತ್ತೇನೆ. ಮನೆಗೆ ಬಂದ ಮೇಲೆ ಆ ಒಂದು ನನಗಾಗಿಯೇ ಕಾದು ಕೂತಿದೆ ಅನ್ನಿಸಿ, ಬಾಗಿಲ ಚಿಲಕವನ್ನು ಮೂರು ಸಲ ಜಗ್ಗಿ ನೋಡುತ್ತೇನೆ. ಇಂಥವನೊಬ್ಬ ಚಿಂತೆ ಮಾಡಿದರೆ ಉಳಿದವರೆಲ್ಲ ನಿಶ್ಚಿಂತೆಯಿಂದ ಇರಬಹುದೆಂಬ ದೂರದೃಷ್ಟಿಯಿಂದ ನನ್ನನ್ನು ಹಾಸ್ಟೆಲ್ ವಾರ್ಡನ್ ಕೂಡ ಮಾಡಿದ್ದಾರೆ.

ನಮ್ಮ ಮೆಸ್ಸಿನ ಜಗಳ ಜಿಲ್ಲೆಯ ಭೂಗೋಳದಷ್ಟೇ ಹಳೆಯದು. ಕಾಲುವೆ ನೀರಿನ ಸೀಮೆಯ ಮಕ್ಕಳಿಗೆ ಅನ್ನ ಬೇಕು, ಮಳೆ ನಂಬಿದ ಸೀಮೆಯ ಮಕ್ಕಳಿಗೆ ಜೋಳದ ರೊಟ್ಟಿ ಬೇಕು. ಗಂಗಾವತಿ ಕಡೆಯ ಮರಳಿ ಊರಿನ ಶ್ರಾವಣಿ ಎಂಬ ಹುಡುಗಿ ನನ್ನ ಮುಂದೆಯೇ ಹೇಳಿದಳು: "ಸರ್, ರೊಟ್ಟಿ ಎಷ್ಟು ತಿಂದ್ರೂ ನಮಗ ಟಿಫಿನ್ ಆತು ಅನಸ್ತೈತ್ರಿ, ಊಟ ಆತು ಅನ್ಸಂಗಿಲ್ಲ." ಪಕ್ಕದಲ್ಲಿದ್ದ ಯಲಬುರ್ಗಾದ ದೇವಪ್ಪ ಬಿಡುತ್ತಾನೆಯೇ? "ನಿಮ್ಮ ಅನ್ನ ನಿಮ್ಮ ಕಾಲುವಿ ನೀರಿನಂಗ ಬಿಡವಾ. ಎಷ್ಟು ಜಲ್ದಿ ಬರ್ತೈತೋ ಅಷ್ಟ ಜಲ್ದಿ ಹೋಗ್ತೈತಿ. ನಾಕಕ್ಕ ಮತ್ತ ಹಸಿವಿ!"

ನಾನು ಇದನ್ನು ಶಾಸ್ತ್ರೀಯವಾಗಿ ಬಗೆಹರಿಸಲು ಹೊರಟೆ. 'ಅನ್ನ', 'ರೊಟ್ಟಿ' ಎಂದು ಎರಡು ಚೌಕ ಹಾಕಿ, ಬೇಕಾದ್ದಕ್ಕೆ ಗುರುತು ಮಾಡಿರೆಂದು ಎಲ್ಲರಿಗೂ ಫಾರಂ ಹಂಚಿದೆ. ಎಲ್ಲರೂ ಎರಡಕ್ಕೂ ಗುರುತು ಹಾಕಿ ಕೊಟ್ಟರು. ಫಾರಮ್ಮಿನ ಕಟ್ಟು ನೋಡಿ ಅಡುಗೆಯ ಶಾಂತಕ್ಕ ಸೌಟು ಹಿಡಿದುಕೊಂಡೇ ನಕ್ಕಳು. "ಸರ, ಹಸದ ಹುಡ್ರ ಕೈಯಾಗ ಕಾಗದ ಕೊಟ್ರ ಎರಡೂ ಬೇಕಂತಾರ್ರಿ. ಇದಕ್ಕ ನೀವು ಅಷ್ಟು ಓದಬೇಕಿತ್ತೇನು?"

ಅಷ್ಟರಲ್ಲಿ ಯಾರೋ ಎರಡು ಪುಟದ ದೂರು ಬರೆದು ರಿಜಿಸ್ಟ್ರಾರ್ ಸಾಹೇಬರ ಮೇಜಿಗೆ ಮುಟ್ಟಿಸಿದ್ದರು. ಸಾಹೇಬರು ನನ್ನನ್ನು ಕರೆಸಿ, "ಶುಕ್ರವಾರ ಮಧ್ಯಾಹ್ನ ನಾನ ಬಂದು ಹುಡ್ರ ಜೋಡಿ ಉಣ್ತೀನಿ. ಒಂದು ಪದಾರ್ಥ ಕೆಟ್ಟಿತ್ತಂದ್ರೂ ಬರೋ ತಿಂಗಳದಿಂದ ಮೆಸ್ ಕಾಂಟ್ರ್ಯಾಕ್ಟರ್ ಕೈಗೆ ಕೊಡೂದ" ಎಂದರು. ಕಾಂಟ್ರ್ಯಾಕ್ಟರ್ ಬಂದರೆ ತನ್ನ ಮಂದಿಯನ್ನೇ ತರುತ್ತಾನೆ. ಹನ್ನೊಂದು ವರ್ಷದಿಂದ ಆ ಒಲೆಯ ಮುಂದೆ ನಿಂತ ಶಾಂತಕ್ಕ ಮನೆಗೆ ಹೋಗಬೇಕಾಗುತ್ತದೆ. ಆ ಮನೆಯಾದರೂ ಎಲ್ಲಿದೆ? ಭಾಗ್ಯನಗರದಲ್ಲಿ, ನಮ್ಮದೇ ಓಣಿಯಲ್ಲಿ, ಎರಡು ಬಾಗಿಲು ಆಚೆ. ಕೆಲಸ ಹೋದರೆ ಪ್ರತಿ ಮುಂಜಾನೆ ಸ್ಕೂಟರ್ ತೆಗೆಯುವಾಗ ನಾನು ಆಕೆಯ ಮುಖ ನೋಡಬೇಕು. ಪಟ್ಟಿ ಮೂವತ್ತಾರಕ್ಕೆ ಹೋಗಿದ್ದು ಅದಕ್ಕೇ.

ಮೂವತ್ತಾರಕ್ಕೂ ವ್ಯವಸ್ಥೆ ಮಾಡಿದೆ. ಕುರ್ಚಿಗೆ ಹೊಸ ಮೊಳೆ, ಎರಡು ಹೆಚ್ಚುವರಿ ಸಿಲಿಂಡರು, ಒಂದು ಟ್ಯಾಂಕರ್ ನೀರು. ಇಷ್ಟಾದರೂ ಪಲ್ಯ ತಳ ಹಿಡಿದರೆ ಏನು ಗತಿ ಎಂಬುದು ಉಳಿದೇ ಇತ್ತು. ನನ್ನ ಹೆಂಡತಿ ಗಿರಿಜಾಗೆ, ಒಂದು ಡಬ್ಬಿ ಬದನೆಕಾಯಿ ಎಣ್ಣೆಗಾಯಿ ಮಾಡಿಕೊಡು, ಸಾಹೇಬರ ತಟ್ಟೆಗೆ ಮಾತ್ರ, ಆಪತ್ತಿಗಿರಲಿ ಎಂದೆ. "ನೀವು ಚಿಂತಿ ಮಾಡೂದು, ನಾ ಎಣ್ಣಿಗಾಯಿ ಮಾಡೂದು. ಛಲೋ ಐತಿ ಸಂಸಾರ" ಎಂದು ಗೊಣಗಿಕೊಂಡೇ ಮಾಡಿಕೊಟ್ಟಳು. ನಮ್ಮ ಮದುವೆಯಲ್ಲಿ ಅವಳಿಗೆ ಉಡುಗೊರೆ ಬಂದ ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ 'ಚಿ. ಸೌ. ಗಿರಿಜಾಳಿಗೆ ಸೋದರಮಾವನಿಂದ' ಎಂದು ಕೆತ್ತಿಸಿದ್ದಾರೆ. ಶುಕ್ರವಾರ ಮುಂಜಾನೆ ಅದನ್ನು ಯಾರಿಗೂ ಹೇಳದೆ ಮೆಸ್ಸಿನ ಅಡುಗೆಮನೆಯ ಕಿಟಕಿಯಲ್ಲಿಟ್ಟು, ಸಾರಿನ ರುಚಿ ನೋಡಿ, "ಉಪ್ಪು ಜಾಸ್ತಿ ಆತೇನೋ ಶಾಂತಕ್ಕ" ಎಂದೆ. ಆಕೆ ನನ್ನ ಕೈಯಿಂದ ಸೌಟು ಕಸಿದುಕೊಂಡಳು. "ನಿಮ್ಮ ನಾಲಿಗಿ ಮಾತು ಯಾರು ಕೇಳಬೇಕ್ರಿ? ಡಾಕ್ಟರು ಉಪ್ಪು ಬಿಡಿಸಿ ಎರಡು ವರ್ಷ ಆತು." ನಿಜ. ಚಿಂತೆಯಿಂದ ಬಿ.ಪಿ. ಬಂತು, ಬಿ.ಪಿ.ಯಿಂದ ನಮ್ಮ ಮನೆಯ ಉಪ್ಪು ಹೋಯಿತು.

ಮಧ್ಯಾಹ್ನವೂ ಆಯಿತು. ಗ್ಯಾಸು ಉರಿಯಿತು, ನೀರು ಬಂತು, ರೊಟ್ಟಿಯ ಹೆಂಗಸರೆಲ್ಲ ಬಂದರು, ಹಲ್ಲಿಗಳು ಗೋಡೆಯ ಮೇಲೆಯೇ ಶಿಸ್ತಿನಿಂದ ಉಳಿದವು. ಶಾಂತಕ್ಕ ನನ್ನ ಫಾರಮ್ಮುಗಳನ್ನು ಒಲೆ ಒರೆಸಲು ಬಳಸಿ, ತನ್ನ ಲೆಕ್ಕದಲ್ಲಿ ಎಲ್ಲರಿಗೂ ಎರಡು ರೊಟ್ಟಿ, ಮೇಲೆ ಸಾಕೆನ್ನುವಷ್ಟು ಅನ್ನ ಮಾಡಿದ್ದಳು. ಶ್ರಾವಣಿ ಎರಡನೇ ರೊಟ್ಟಿ ಮುರಿಯುತ್ತಿದ್ದಳು. ಅವತ್ತು ಬಡಿಸುವ ಪಾಳಿಯಲ್ಲಿದ್ದ ದೇವಪ್ಪ ನಡುನಡುವೆ ನಿಂತು ಅನ್ನ ಸಾರು ಉಣ್ಣುತ್ತಿದ್ದ. ಯಾರೂ ತಟ್ಟೆ ಬಾರಿಸಲಿಲ್ಲ. ಸಾಹೇಬರು ಪುಂಡಿಪಲ್ಯ ಎರಡು ಸಲ ಹಾಕಿಸಿಕೊಂಡು, "ಭಾಳ ಛಲೋ ಆಗೇತಿ" ಎಂದರು. ಕುರ್ಚಿಯೂ ಗಟ್ಟಿಯಾಗಿ ನಿಂತಿತ್ತು. ನಾನು ಎದೆ ಸೆಟೆಸಿ ಸಾಲಿನ ತುದಿಯಲ್ಲಿ ನಿಂತಿದ್ದೆ.

ಆಗ ಸಾಹೇಬರ ಕೈ ಬಾಯಿಯ ಹತ್ತಿರವೇ ನಿಂತಿತು. "ಈ ಬದ್ನಿಕಾಯಿ ಯಾರು ಮಾಡಿದ್ದು? ಉಪ್ಪ ಇಲ್ಲಲ್ರಿ ಇದಕ್ಕ!"

ತಿರುಗಿ ನೋಡಿದರೆ ದೇವಪ್ಪನ ಕೈಯಲ್ಲಿ ನಮ್ಮ ಡಬ್ಬಿ. ಕಿಟಕಿಯಲ್ಲಿದ್ದದ್ದು ಸಾಹೇಬರಿಗೆಂದೇ ಮಾಡಿದ ವಿಶೇಷ ಎಂದು ತಿಳಿದು ಧಾರಾಳವಾಗಿ ಬಡಿಸಿಬಿಟ್ಟಿದ್ದ. ಶಾಂತಕ್ಕ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ಓಣಿಯ ಯಾವ ಪಾತ್ರೆ ಯಾರ ಮನೆಯದು ಎಂದು ಆಕೆಗೆ ಗೊತ್ತಿಲ್ಲವೇ? ಸೆರಗಿಗೆ ಕೈ ಒರೆಸಿಕೊಂಡು, "ನಾನ ರಿ ಸಾಹೇಬ್ರ. ಗಡಿಬಿಡಿಯಾಗ ಉಪ್ಪು ಮರ್ತೀನಿ" ಎಂದುಬಿಟ್ಟಳು. ಸಾಹೇಬರ ಎಡಗೈ ಜೇಬಿನ ಪೆನ್ನಿಗೆ ಹೋಯಿತು.

ನನ್ನ ಮಾನ ಉಳಿಸಲು ಆಕೆ ತನ್ನ ಒಲೆಯನ್ನೇ ಬಿಟ್ಟುಕೊಡುತ್ತಿದ್ದಳು. "ಇಲ್ಲ ಸರ್" ಎಂದೆ, ನನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ. "ಅದು ಮೆಸ್ಸಿಂದಲ್ರಿ. ನಮ್ಮ ಮನೀದು. ಶಾಂತಕ್ಕನ ಪಲ್ಯ ಸೀದ್ರ ಇರ್ಲಿ ಅಂತ ನಾನ ತಂದಿಟ್ಟಿದ್ದೆ." ನನ್ನ ಸತ್ಯನಿಷ್ಠೆಯನ್ನು ಯಾರೂ ಹೊಗಳಬೇಕಿಲ್ಲ, ದೇವಪ್ಪ ಮುಚ್ಚಳವನ್ನು ಅಕ್ಷರಗಳು ಸಾಹೇಬರ ಕಡೆ ಕಾಣುವಂತೆಯೇ ಹಿಡಿದಿದ್ದ.

ಸಾಹೇಬರು ಮುಚ್ಚಳ ಓದಿದರು. ಶಾಂತಕ್ಕನನ್ನು ನೋಡಿದರು. ಪೆನ್ನು ಜೇಬಿಗೆ ವಾಪಸು ಹೋಯಿತು. "ಹಂಗಾದ್ರ ವಾರ್ಡನ್ನರ, ಕಾಂಟ್ರ್ಯಾಕ್ಟರ್ ಹಚ್ಚಬೇಕಾಗಿದ್ದು ಮೆಸ್ಸಿಗಲ್ಲ ಬಿಡ್ರಿ. ನಿಮ್ಮ ಮನಿಗೆ!" ಇಡೀ ಊಟದ ಕೋಣೆ ನಕ್ಕಿತು. ಆವರೆಗೆ ಯಾರೂ ಬಾರಿಸದಿದ್ದ ತಟ್ಟೆಗಳನ್ನು ಆಗ ಗಂಗಾವತಿಯವರು, ಕುಷ್ಟಗಿಯವರು ಎಲ್ಲರೂ ಸೇರಿ ಬಾರಿಸಿದರು, ಒಂದೇ ತಾಳದಲ್ಲಿ. ಶಾಂತಕ್ಕ ಬಾಯಿಗೆ ಸೆರಗು ಮುಚ್ಚಿಕೊಂಡು ಒಳಗೆ ಹೋದಳು. ಒಲೆ ಆಕೆಯದಾಗಿಯೇ ಉಳಿಯಿತು.

ಸಂಜೆ ಖಾಲಿ ಡಬ್ಬಿ ಹಿಡಿದು, ಗೆದ್ದವನ ಠೀವಿಯಲ್ಲೇ ಓಣಿ ಹೊಕ್ಕೆ. ನಮ್ಮ ಕಟ್ಟೆಯ ಮೇಲೆ ಗಿರಿಜಾ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ, ನನ್ನ ಸ್ಕೂಟರಿಗಿಂತ ಮೊದಲೇ ಬಸ್ಸಿಗೆ ಬಂದಿದ್ದ ಶಾಂತಕ್ಕ. ಮೂವತ್ತಾರನ್ನೂ ಗೆದ್ದಿದ್ದೆ, ಮೂವತ್ತೇಳನೆಯದನ್ನು ಬರೆದೇ ಇರಲಿಲ್ಲ. ಗಿರಿಜಾ ತಲೆ ಎತ್ತಲಿಲ್ಲ. ಇನ್ನೊಂದು ಕಾಯಿ ಸುಲಿದು ಬುಟ್ಟಿಗೆ ಹಾಕಿ ಕೇಳಿದಳು:

"ಬಂದ್ರೇನ್ರಿ? ಕಾಂಟ್ರ್ಯಾಕ್ಟರ್ ಎಲ್ಲಿ?"